ಹತ್ತಿದ ಗೇರಿನಲ್ಲೇ ಇಳಿಯಬೇಕು



ಒಂದು ಸರಳ ಪ್ರಶ್ನೆಯಿಂದ ಆರಂಭಿಸೋಣ. ಸರಕು ತುಂಬಿದ ಲಾರಿಗೆ ಘಾಟಿ ರಸ್ತೆಯನ್ನು ಹತ್ತುವುದು ಕಷ್ಟವೋ, ಇಳಿಯುವುದು ಕಷ್ಟವೋ? ಹತ್ತುವುದೇ ಕಷ್ಟ ಎಂದು ನಿಮ್ಮಲ್ಲಿ ಬಹುಮಂದಿ ಹೇಳುತ್ತೀರಿ. ಏದುಸಿರು ಬಿಡುತ್ತಾ, ಕಪ್ಪು ಹೊಗೆ ಉಗುಳುತ್ತಾ, ಆಮೆಯಂತೆ ತೆವಳುವ ಲಾರಿಯನ್ನು ನೀವು ನೋಡಿದ್ದೀರಿ. ಇಳಿಯುವಾಗ ಏನು ಕಷ್ಟ, ಅದು ತಾನಾಗಿಯೇ ಉರುಳುತ್ತದಲ್ಲ ಎನ್ನುತ್ತೀರಿ. ಹೌದು, ತಾನಾಗಿಯೇ ಉರುಳುತ್ತದೆ. ಕಷ್ಟವಿರುವುದೂ ಅಲ್ಲಿಯೇ. ಹತ್ತಲಾರದ ಲಾರಿ ನಿಂತುಬಿಡುತ್ತದೆ, ಅಷ್ಟೆ. ಇಳಿಯಲಾರದ ಲಾರಿ ನಿಲ್ಲುವುದಿಲ್ಲ.

ಈ ಮಾತನ್ನು ನಾನು ಮೊದಲು ಕೇಳಿದ್ದು ಭೌತಶಾಸ್ತ್ರದ ತರಗತಿಯಲ್ಲಲ್ಲ, ಲಾರಿಯ ಕ್ಯಾಬಿನ್ನಿನಲ್ಲಿ. 1992ರ ದಸರಾ ರಜೆ. ನನಗಾಗ ಹತ್ತು ವರ್ಷ. ನನ್ನ ಸೋದರಮಾವ ಹಾಸನದಲ್ಲಿ ಲಾರಿ ಓಡಿಸುತ್ತಿದ್ದರು. ಮಂಗಳೂರಿಗೆ ಆಲೂಗಡ್ಡೆ ಲೋಡು ಹೊರಟಿತ್ತು. ಹಟ ಹಿಡಿದು ನಾನೂ ಹತ್ತಿಕೊಂಡೆ. ಆಯುಧಪೂಜೆಗೆ ಕಟ್ಟಿದ ಬಾಳೆಕಂದು ಬಂಪರಿನಲ್ಲಿ ಬಾಡಿ ನಿಂತಿತ್ತು. ಅದು ಆ ಕಾಲದ ಮೂತಿ ಲಾರಿ, ಅಂದರೆ ಎಂಜಿನ್ನು ಮುಂದಕ್ಕೆ ಚಾಚಿಕೊಂಡಿದ್ದ ಲಾರಿ. ಆಗ ಕಾರ್ಖಾನೆಯವರು ಬಹುಪಾಲು ಲಾರಿಗಳ ಚಾಸಿ ಮತ್ತು ಎಂಜಿನ್ನು ಮಾತ್ರ ಕೊಡುತ್ತಿದ್ದರು. ಕ್ಯಾಬಿನ್ನು, ಹಿಂದಿನ ತೊಟ್ಟಿ ಎಲ್ಲವನ್ನೂ ಬಾಡಿ ಕಟ್ಟುವ ಬಡಗಿಗಳು ಮರ ಮತ್ತು ತಗಡಿನಿಂದ ಮಾಡುತ್ತಿದ್ದರು. ತಮಿಳುನಾಡಿನ ನಾಮಕ್ಕಲ್ ಈ ಕೆಲಸಕ್ಕೆ ಇಂದಿಗೂ ಹೆಸರಾದ ಊರು. ಮಾವನ ಕ್ಯಾಬಿನ್ನಿನಲ್ಲಿ ದೇವರ ಪಟವಿತ್ತು, ಊದಿನಕಡ್ಡಿಯ ವಾಸನೆಯಿತ್ತು. ಎಂಜಿನ್ನಿನ ಬಿಸಿ ಕಾಲಿಗೆ ತಾಗುತ್ತಿತ್ತು. ಸದ್ದು ಎಷ್ಟೆಂದರೆ ಮಾತಾಡಬೇಕಾದರೆ ಕೂಗಬೇಕಿತ್ತು.

ಸಕಲೇಶಪುರ ದಾಟಿ ಶಿರಾಡಿ ಘಾಟಿಯ ನೆತ್ತಿಯಲ್ಲಿ ಮಾವ ಲಾರಿ ನಿಲ್ಲಿಸಿದರು. ಇಳಿದು ಪ್ರತಿ ಚಕ್ರದ ಬಳಿ ಹೋಗಿ ಬ್ರೇಕ್ ಡ್ರಮ್ಮಿನ ಹತ್ತಿರ ಅಂಗೈಯ ಹಿಂಭಾಗ ಹಿಡಿದು ಬಿಸಿ ನೋಡಿದರು. ಟೈರುಗಳನ್ನು ಕಬ್ಬಿಣದ ಲಿವರಿನಿಂದ ತಟ್ಟಿ ಸದ್ದು ಕೇಳಿದರು. ಮತ್ತೆ ಹತ್ತಿ ಕೂತು ಹೇಳಿದರು: "ನೋಡು ಪುಟ್ಟ, ಈ ರಸ್ತೇಲಿ ಒಂದೇ ಕಾನೂನು. ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳೀಬೇಕು. ಬ್ರೇಕು ನಿಲ್ಲಿಸೋಕೆ ಇರೋದು, ಇಳಿಯೋಕೆ ಅಲ್ಲ."

ಎರಡನೇ ಗೇರಿಗೆ ಹಾಕಿ, ಆಕ್ಸಿಲರೇಟರಿನಿಂದ ಕಾಲು ತೆಗೆದು ಅವರು ಲಾರಿಯನ್ನು ಇಳಿಸತೊಡಗಿದರು. ಎಂಜಿನ್ನು ಗೊಂಯ್ ಎಂದು ಒದರುತ್ತಿತ್ತು, ಲಾರಿ ಮಾತ್ರ ನಡೆಯುವವನ ವೇಗಕ್ಕಿಂತ ತುಸು ಹೆಚ್ಚಿಗೆ ಹೋಗುತ್ತಿತ್ತು. ನನಗೆ ಬೇಸರವಾಯಿತು. ಅಷ್ಟರಲ್ಲಿ ಇನ್ನೊಂದು ಲಾರಿ ನಮ್ಮನ್ನು ದಾಟಿಕೊಂಡು ಹೋಯಿತು. ವಿಚಿತ್ರವೆಂದರೆ ಅದರ ಎಂಜಿನ್ನಿನ ಸದ್ದೇ ಇರಲಿಲ್ಲ. ಟೈರಿನ ಸರಸರ ಸದ್ದು ಮಾತ್ರ. "ಆ ಮಾಮನ ಲಾರಿ ಎಷ್ಟು ಜೋರು!" ಎಂದೆ. ಮಾವ ನಗಲಿಲ್ಲ. "ನ್ಯೂಟ್ರಲ್ ಮಾಡವನೆ. ಡೀಸೆಲ್ ಉಳಿಸ್ತಾ ಅವನೆ" ಎಂದರು.

ಮುಂದಿನ ಕಥೆಯನ್ನು ಆಮೇಲೆ ಹೇಳುತ್ತೇನೆ. ಮೊದಲು ಮಾವನ ಕಾನೂನಿನ ಹಿಂದಿರುವ ವಿಜ್ಞಾನವನ್ನು ನೋಡೋಣ. ಪೆನ್ನು, ಕಾಗದ ಹತ್ತಿರ ಇಟ್ಟುಕೊಳ್ಳಿ.

ಎತ್ತರದಲ್ಲಿರುವ ವಸ್ತುವಿಗೆ ಪ್ರಚ್ಛನ್ನ ಶಕ್ತಿ ಇರುತ್ತದೆಂದು ನೀವು ಓದಿದ್ದೀರಿ. ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ, ಈ ಮೂರನ್ನು ಗುಣಿಸಿದರೆ ಅದು ಸಿಗುತ್ತದೆ. ಲಾರಿ ಮತ್ತು ಸರಕು ಸೇರಿ 16 ಟನ್, ಅಂದರೆ 16,000 ಕಿಲೋಗ್ರಾಂ. ಘಾಟಿಯ ಇಳಿತ 800 ಮೀಟರ್ ಎಂದಿಟ್ಟುಕೊಳ್ಳಿ. ಗುಣಿಸಿ ನೋಡಿ: ಸುಮಾರು 12.5 ಕೋಟಿ ಜೂಲ್. ಘಾಟಿಯ ಬುಡದಲ್ಲಿ ಲಾರಿ ನಿಂತಾಗ ಈ ಶಕ್ತಿ ಅದರಲ್ಲಿ ಇರುವುದಿಲ್ಲ. ಹಾಗಾದರೆ ಎಲ್ಲಿಗೆ ಹೋಯಿತು? ಶಕ್ತಿ ನಾಶವಾಗುವಂತಿಲ್ಲ. ಅಷ್ಟೂ ಶಾಖವಾಗಿರಬೇಕು. ಮನೆಯ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 400 ಲೀಟರ್ ತಣ್ಣೀರನ್ನು ಕುದಿಯುವವರೆಗೆ ಕಾಯಿಸುವಷ್ಟು ಶಾಖ. ಅಂದರೆ ಎರಡು ದೊಡ್ಡ ಡೀಸೆಲ್ ಪೀಪಾಯಿಗಳ ತುಂಬ ಮರಳುವ ನೀರು!

ಈ ಶಾಖವನ್ನೆಲ್ಲ ಬ್ರೇಕುಗಳಿಗೇ ಬಿಟ್ಟರೆ ಏನಾಗುತ್ತದೆ? ಎರಡು ಆಕ್ಸೆಲ್ಲಿನ ಲಾರಿಯಲ್ಲಿ ನಾಲ್ಕು ಬ್ರೇಕ್ ಡ್ರಮ್ಮುಗಳು. ಎರಕದ ಕಬ್ಬಿಣದ ಒಂದೊಂದು ಡ್ರಮ್ಮೂ 50 ಕಿಲೋ ತೂಗುತ್ತದೆ ಎಂದುಕೊಳ್ಳೋಣ. ಕಬ್ಬಿಣದ ವಿಶಿಷ್ಟ ಶಾಖದಿಂದ ಲೆಕ್ಕ ಹಾಕಿದರೆ, ಶಾಖವೆಲ್ಲ ಡ್ರಮ್ಮಿನಲ್ಲೇ ಉಳಿದರೆ ಉಷ್ಣತೆ ಸುಮಾರು 1,400 ಡಿಗ್ರಿ ಏರಬೇಕು. ಎರಕದ ಕಬ್ಬಿಣ ಸುಮಾರು 1,200 ಡಿಗ್ರಿಯಲ್ಲೇ ಕರಗುತ್ತದೆ! ಗಾಳಿ ಸಾಕಷ್ಟು ಶಾಖವನ್ನು ಹೊತ್ತೊಯ್ಯುವುದರಿಂದ ಡ್ರಮ್ಮು ಕರಗುವುದಿಲ್ಲ, ನಿಜ. ಆದರೆ ಅದಕ್ಕಿಂತ ಬಹಳ ಮೊದಲೇ ಬೇರೊಂದು ಅನಾಹುತ ನಡೆಯುತ್ತದೆ. ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಲೈನಿಂಗು ಅತಿಯಾಗಿ ಕಾದಾಗ ಅದರ ಘರ್ಷಣೆ ಕುಗ್ಗುತ್ತದೆ. ಜೊತೆಗೆ ಡ್ರಮ್ಮು ಕಾದು ಹಿಗ್ಗಿ ಲೈನಿಂಗಿನಿಂದ ದೂರ ಸರಿಯುತ್ತದೆ. ಡ್ರೈವರು ಪೆಡಲನ್ನು ಪೂರ್ತಿ ತುಳಿದಿರುತ್ತಾನೆ, ಬ್ರೇಕಿನ ಭಾಗಗಳೆಲ್ಲ ಸರಿಯಾಗಿಯೇ ಇರುತ್ತವೆ, ಲಾರಿ ಮಾತ್ರ ನಿಲ್ಲುವುದಿಲ್ಲ. ಪತ್ರಿಕೆಗಳಲ್ಲಿ "ಬ್ರೇಕ್ ವಿಫಲ" ಎಂದು ಓದುತ್ತೀರಲ್ಲ, ಘಾಟಿಗಳಲ್ಲಿ ಅದು ಎಷ್ಟೋ ಸಲ ಹೀಗೆ ಕಾದು ಸೋತ ಬ್ರೇಕು.

ಈಗ ಮಾವನ ಎರಡನೇ ಗೇರಿಗೆ ಬರೋಣ. ಗೇರಿನಲ್ಲಿರುವಾಗ ಚಕ್ರಗಳಿಗೂ ಎಂಜಿನ್ನಿಗೂ ನಂಟು ಇರುತ್ತದೆ. ಹತ್ತುವಾಗ ಎಂಜಿನ್ನು ಚಕ್ರವನ್ನು ತಿರುಗಿಸುತ್ತದೆ. ಇಳಿಯುವಾಗ ಚಕ್ರವೇ ಎಂಜಿನ್ನನ್ನು ತಿರುಗಿಸಬೇಕು. ಎಂಜಿನ್ನಿನ ಒಳಗಿನ ಘರ್ಷಣೆ, ಗಾಳಿಯನ್ನು ಎಳೆದು ಹೊರದೂಡುವ ಶ್ರಮ, ಇವೆಲ್ಲ ಲಾರಿಯನ್ನು ಹಿಂದಕ್ಕೆ ಹಿಡಿದೆಳೆಯುತ್ತವೆ. ಕೆಳಗಿನ ಗೇರಿನಲ್ಲಿ ಚಕ್ರದ ಒಂದು ಸುತ್ತಿಗೆ ಎಂಜಿನ್ನು ಹೆಚ್ಚು ಸುತ್ತು ತಿರುಗಬೇಕಾದ್ದರಿಂದ ಈ ಹಿಡಿತವೂ ಹೆಚ್ಚು. ಶಾಖದ ದೊಡ್ಡ ಪಾಲು ರೇಡಿಯೇಟರಿನಿಂದಲೂ ಹೊಗೆ ಕೊಳವೆಯಿಂದಲೂ ಹೊರಗೆ ಹೋಗುತ್ತದೆ, ಡ್ರಮ್ಮುಗಳು ತಣ್ಣಗಿರುತ್ತವೆ. ನಿಜವಾಗಿ ನಿಲ್ಲಬೇಕಾದಾಗ ಬ್ರೇಕು ಕೈಕೊಡುವುದಿಲ್ಲ.

ನ್ಯೂಟ್ರಲ್ ಮಾಡಿದರೋ, ಈ ನಂಟು ಕಡಿದುಹೋಗುತ್ತದೆ. 16 ಟನ್ನಿನ ಭಾರವೆಲ್ಲ ನಾಲ್ಕು ಡ್ರಮ್ಮುಗಳ ಮೇಲೆ. ಇನ್ನೊಂದು ಅಪಾಯವೂ ಇದೆ. ಹಳೆಯ ಲಾರಿಯಲ್ಲಿ ಒಮ್ಮೆ ನ್ಯೂಟ್ರಲ್ಲಿಗೆ ಬಂದು ವೇಗ ಏರಿತೆಂದರೆ ಮತ್ತೆ ಗೇರಿಗೆ ಹಾಕುವುದು ಬಲು ಕಷ್ಟ. ಅಂದಿನ ಎಷ್ಟೋ ಗೇರ್ ಬಾಕ್ಸುಗಳಲ್ಲಿ ಹಲ್ಲುಗಳ ವೇಗವನ್ನು ತಾನಾಗಿ ಹೊಂದಿಸುವ ಸಿಂಕ್ರೊಮೆಶ್ ವ್ಯವಸ್ಥೆ ಇರಲಿಲ್ಲ. ಡ್ರೈವರೇ ಹೊಂದಿಸಬೇಕಿತ್ತು. ಕೆಳಗಿನ ಗೇರಿಗೆ ಬರಬೇಕಾದರೆ ಕ್ಲಚ್ ತುಳಿದು ನ್ಯೂಟ್ರಲ್ಲಿಗೆ ತರಬೇಕು, ಕ್ಲಚ್ ಬಿಟ್ಟು ಆಕ್ಸಿಲರೇಟರ್ ಒತ್ತಿ ಎಂಜಿನ್ನಿನ ವೇಗ ಏರಿಸಬೇಕು, ಮತ್ತೆ ಕ್ಲಚ್ ತುಳಿದು ಗೇರು ಹಾಕಬೇಕು. ಎರಡು ಸಲ ಕ್ಲಚ್! ಕಿವಿಯೇ ಇಲ್ಲಿ ಅಳತೆಯ ಸಾಧನ. ಎಂಜಿನ್ನಿನ ಶ್ರುತಿ ಸರಿಯಾಗಿ ಕೂತಾಗ ಗೇರು ಬೆಣ್ಣೆಯಂತೆ ಸರಿಯುತ್ತದೆ. ತಪ್ಪಿದರೆ ಕರಕರ ಎಂದು ಹಲ್ಲು ಕಡಿಯುತ್ತದೆ, ಒಳಗೆ ಹೋಗುವುದೇ ಇಲ್ಲ. ಇಳಿಜಾರಿನಲ್ಲಿ ಪ್ರತಿ ಸೆಕೆಂಡಿಗೂ ವೇಗ ಏರುತ್ತಿರುವಾಗ ಈ ಶ್ರುತಿ ಹಿಡಿಯಲು ಹೊರಟವನ ಪಾಡು ಊಹಿಸಿ.

ಈಗ ಆ ದಿನದ ಕಥೆ. ಇನ್ನೂ ಕೆಲವು ತಿರುವು ಇಳಿಯುವಷ್ಟರಲ್ಲಿ ಸುಟ್ಟ ವಾಸನೆ ಬಂತು. ನಮ್ಮನ್ನು ದಾಟಿ ಹೋದ ಲಾರಿ ಬಲು ಹೊತ್ತೇನೂ ಓಡಿರಲಿಲ್ಲ. ಬ್ರೇಕು ಸೋತಾಗ ಅದರ ಡ್ರೈವರು ಪ್ರಪಾತದ ಕಡೆ ಬಿಡದೆ ಗುಡ್ಡದ ಕಡೆಗೆ ತಿರುಗಿಸಿ, ಚರಂಡಿಗೆ ಇಳಿಸಿ, ಮಣ್ಣಿನ ದಿಬ್ಬಕ್ಕೆ ಒರಗಿಸಿ ನಿಲ್ಲಿಸಿದ್ದ. ಆತನಿಗೆ ಹೆಚ್ಚಿನ ಪೆಟ್ಟಾಗಿರಲಿಲ್ಲ. ಆದರೆ ಕ್ಲೀನರ್ ಹುಡುಗ ರಸ್ತೆಯಲ್ಲಿ ಬಿದ್ದಿದ್ದ. ನನಗಿಂತ ನಾಲ್ಕೈದು ವರ್ಷ ದೊಡ್ಡವನಿದ್ದಿರಬಹುದು. ಲಾರಿ ನಿಲ್ಲದಿದ್ದಾಗ ಅವನು ಚಕ್ರಕ್ಕೆ ಅಡ್ಡ ಕೊಡುವ ಮರದ ತುಂಡನ್ನು ಹಿಡಿದು ಕೆಳಗೆ ಹಾರಿದ್ದ. ಅದು ಅವನ ಕೆಲಸ ಎಂದು ಅವನಿಗೆ ಹೇಳಿಕೊಟ್ಟಿದ್ದರು. ನಿಂತ ಲಾರಿ ಉರುಳದಂತೆ ಹಿಡಿಯುವ ಮರದ ತುಂಡು, ಓಡುತ್ತಿರುವ 16 ಟನ್ನನ್ನು ಹಿಡಿದೀತೇ? ಚಕ್ರ ಅವನ ಕಾಲಿನ ಮೇಲೆ ಹರಿದಿತ್ತು.

ಮಾವ ಮತ್ತು ಆ ಡ್ರೈವರು ಸೇರಿ ಅವನನ್ನು ನಮ್ಮ ಕ್ಯಾಬಿನ್ನಿನ ಹಿಂದಿನ ಹಲಗೆಯ ಮೇಲೆ ಮಲಗಿಸಿದರು. ಆಸ್ಪತ್ರೆ ಇರುವುದು ಘಾಟಿ ಇಳಿದು ಬಹು ದೂರದಲ್ಲಿ. ಹುಡುಗ ನರಳುತ್ತಿದ್ದ. "ಬೇಗ ಹೋಗಿ ಮಾವ" ಎಂದು ನಾನು ಅತ್ತೆ. ಮಾವ ಗೇರು ಬದಲಿಸಲಿಲ್ಲ. ಘಾಟಿ ಮುಗಿಯುವವರೆಗೂ ಅದೇ ಎರಡನೇ ಗೇರು. ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಕೈ ಮಾತ್ರ ಸ್ಟೀರಿಂಗಿನ ಮೇಲೆ ಗಟ್ಟಿಯಾಗಿತ್ತು. ಹುಡುಗ ಬದುಕಿದ. ಅವನ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತೆಂದು ಆಮೇಲೆ ತಿಳಿಯಿತು.

ಆ ಡ್ರೈವರು ಕೆಟ್ಟವನಲ್ಲ. ಮಾಲೀಕರು ಇಂತಿಷ್ಟು ದೂರಕ್ಕೆ ಇಷ್ಟೇ ಡೀಸೆಲ್ ಎಂದು ಲೆಕ್ಕ ಕಟ್ಟಿ ಕೊಡುತ್ತಿದ್ದರು. ಉಳಿಸಿದ್ದು ಡ್ರೈವರಿಗೆ, ಹೆಚ್ಚಾದದ್ದು ಅವನ ಸಂಬಳದಿಂದ ಕಡಿತ. ಬಡವ ಡೀಸೆಲ್ ಉಳಿಸಲು ಹೊರಟಿದ್ದ. ನಿಜಕ್ಕೂ ಅವನು ಡೀಸೆಲ್ ಉಳಿಸಿದನೇ? ಬಿ.ಎಸ್‌ಸಿ. ಓದುವಾಗ ಡೀಸೆಲ್ ಎಂಜಿನ್ನಿನ ಇಂಧನ ಪಂಪಿನ ಬಗ್ಗೆ ಓದುತ್ತಾ ಒಂದು ಸಾಲಿನ ಬಳಿ ನಾನು ತಡೆದು ನಿಂತೆ. ಪಂಪಿನಲ್ಲಿ ಗವರ್ನರ್ ಎಂಬ ಭಾಗವಿದೆ. ಆಕ್ಸಿಲರೇಟರಿನಿಂದ ಕಾಲು ತೆಗೆದಿದ್ದು, ಎಂಜಿನ್ನು ಮಾತ್ರ ಚಕ್ರಗಳ ಒತ್ತಾಯದಿಂದ ಜೋರಾಗಿ ತಿರುಗುತ್ತಿದ್ದರೆ, ಗವರ್ನರ್ ಇಂಧನವನ್ನು ಪೂರ್ತಿ ನಿಲ್ಲಿಸುತ್ತದೆ. ಅಂದರೆ ಎರಡನೇ ಗೇರಿನಲ್ಲಿ ಒದರುತ್ತಾ ಇಳಿಯುತ್ತಿದ್ದ ಮಾವನ ಎಂಜಿನ್ನು ಒಂದು ಹನಿ ಡೀಸೆಲ್ಲನ್ನೂ ಕುಡಿಯುತ್ತಿರಲಿಲ್ಲ! ನ್ಯೂಟ್ರಲ್ಲಿನಲ್ಲಿ ಸದ್ದಿಲ್ಲದೆ ಇಳಿದ ಎಂಜಿನ್ನೇ, ನಿಂತುಹೋಗದೆ ತಿರುಗುತ್ತಿರಲು ಡೀಸೆಲ್ ಕುಡಿಯುತ್ತಿತ್ತು. ಎಂಜಿನ್ನನ್ನೇ ಆರಿಸಿ ಇಳಿಸಿದರೆ ಡೀಸೆಲ್ ಖರ್ಚಿಲ್ಲ, ಒಪ್ಪುತ್ತೇನೆ. ಆದರೆ ಆಗ ಗಾಳಿ ತುಂಬುವ ಕಂಪ್ರೆಸರೂ, ಪವರ್ ಸ್ಟೀರಿಂಗೂ ಅದರೊಂದಿಗೆ ನಿಲ್ಲುತ್ತವೆ. ಕಡಿದಾದ ಇಳಿಜಾರಿನಲ್ಲಿ ನ್ಯೂಟ್ರಲ್ಲಿನಿಂದ ಲಾಭ ಎಂಬುದು ಕಿವಿ ಮಾಡಿದ ಮೋಸ. ಸದ್ದು ಹೆಚ್ಚಾದರೆ ಖರ್ಚು ಹೆಚ್ಚು ಎಂದು ನಾವು ನಂಬುತ್ತೇವೆ. ಯಾರಾದರೂ ಆ ಡ್ರೈವರಿಗೆ ಇದನ್ನು ತಿಳಿಸಿ ಹೇಳಿದ್ದರೆ ಹುಡುಗನ ಕಾಲು ಉಳಿಯುತ್ತಿತ್ತು. ವಿಜ್ಞಾನವನ್ನು ಜನರ ಭಾಷೆಯಲ್ಲಿ ಹೇಳುವ ಕೆಲಸಕ್ಕೆ ನಾನು ಬಂದದ್ದಕ್ಕೆ ಈ ಸಾಲೂ ಒಂದು ಕಾರಣ.

ಇಳಿಯುವುದರ ಕಷ್ಟ ನಮ್ಮ ಘಾಟಿಗಷ್ಟೇ ಸೀಮಿತವಲ್ಲ. 1931ರಲ್ಲಿ ಅಮೆರಿಕದ ಕ್ಲೆಸಿ ಕಮಿನ್ಸ್ ಎಂಬ ಎಂಜಿನ್ ತಯಾರಕ, ಡೀಸೆಲ್ ಲಾರಿಯ ಸಾಮರ್ಥ್ಯ ತೋರಿಸಲು ದೇಶದ ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಗೆ ಹೊರಟ. ಕ್ಯಾಲಿಫೋರ್ನಿಯಾದ ಕಹೋನ್ ಕಣಿವೆಯ ಇಳಿಜಾರಿನಲ್ಲಿ ಬ್ರೇಕು ಸೋತಿತು. ಕೆಳಗೆ ರೈಲು ಹಳಿ, ಅದರ ಮೇಲೆ ಬರುತ್ತಿರುವ ಗೂಡ್ಸ್ ರೈಲು! ಲಾರಿ ಕೂದಲೆಳೆಯ ಅಂತರದಲ್ಲಿ ಪಾರಾಯಿತು. ಆ ಭಯವನ್ನು ಕಮಿನ್ಸ್ ಮರೆಯಲಿಲ್ಲ. ಹತ್ತುವುದಕ್ಕೆ ಇಷ್ಟು ಶಕ್ತಿ ಕೊಡುವ ಎಂಜಿನ್ನು ಇಳಿಯುವಾಗಲೂ ಅಷ್ಟೇ ಗಟ್ಟಿಯಾಗಿ ತಡೆಹಿಡಿಯಬಾರದೇಕೆ ಎಂದು ಯೋಚಿಸುತ್ತಾ ಹೋದ. ಮುಂದೆ ವೃತ್ತಿಯಿಂದ ನಿವೃತ್ತನಾದ ಮೇಲೆ ಅದಕ್ಕೊಂದು ಸಾಧನ ಕಂಡುಹಿಡಿದ. 1961ರಲ್ಲಿ ಅದು ಮಾರುಕಟ್ಟೆಗೆ ಬಂತು.

ಅದರ ತತ್ತ್ವವನ್ನು ನೀವು ಸೈಕಲ್ ಪಂಪಿನಿಂದಲೇ ಅರಿಯಬಹುದು. ಪಂಪಿನ ತೂತನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿಕೆಯನ್ನು ಒತ್ತಿ. ಕಷ್ಟವಾಗುತ್ತದೆ. ಬಿಟ್ಟುಬಿಡಿ, ಹಿಡಿಕೆ ಚಿಮ್ಮಿ ಹಿಂದಕ್ಕೆ ಬರುತ್ತದೆ. ನೀವು ಹಾಕಿದ ಶಕ್ತಿ ಹೆಚ್ಚುಕಡಿಮೆ ವಾಪಸು ಬಂತು. ಡೀಸೆಲ್ ಎಂಜಿನ್ನಿನಲ್ಲೂ ಹೀಗೆಯೇ: ಗಾಳಿಯನ್ನು ಒತ್ತಿದ ಪಿಸ್ಟನ್ನನ್ನು ಅದೇ ಗಾಳಿ ಮತ್ತೆ ಕೆಳಗೆ ತಳ್ಳಿಬಿಡುತ್ತದೆ. ಈಗ ಹಿಡಿಕೆಯನ್ನು ಪೂರ್ತಿ ಒತ್ತಿದ ಕ್ಷಣದಲ್ಲಿ ಹೆಬ್ಬೆರಳು ತೆಗೆಯಿರಿ. ಫುಸ್ ಎಂದು ಗಾಳಿ ಹೋಯಿತು, ಹಿಡಿಕೆ ಅಲ್ಲಿಯೇ ಉಳಿಯಿತು. ನಿಮ್ಮ ಶ್ರಮವೆಲ್ಲ ವ್ಯರ್ಥ! ಕಮಿನ್ಸ್ ಮಾಡಿದ್ದು ಇದನ್ನೇ. ಇಳಿಜಾರಿನಲ್ಲಿ ಪಿಸ್ಟನ್ನು ಮೇಲಿನ ತುದಿಗೆ ಬರುವ ಹೊತ್ತಿಗೆ ಸರಿಯಾಗಿ ಹೊಗೆಯ ವಾಲ್ವನ್ನು ತೆರೆದುಬಿಟ್ಟ. ಲಾರಿಯ ಶ್ರಮ ಪ್ರತಿ ಸುತ್ತಿನಲ್ಲೂ ಗಾಳಿಗೆ ಹೋಗುತ್ತದೆ, ಅದು ದಣಿದು ನಿಧಾನವಾಗುತ್ತದೆ. ನಮ್ಮ ದೇಶದ ಹಲವು ಲಾರಿಗಳಲ್ಲಿ ಇನ್ನೂ ಸರಳವಾದ ಎಕ್ಸಾಸ್ಟ್ ಬ್ರೇಕ್ ಇದೆ. ಹೊಗೆ ಕೊಳವೆಯೊಳಗೆ ಒಂದು ಬಿಲ್ಲೆ ಅಡ್ಡ ಬಂದು ದಾರಿ ಮುಚ್ಚುತ್ತದೆ. ಗಾಳಿಯನ್ನು ಹೊರದೂಡಲು ಎಂಜಿನ್ನು ಒದ್ದಾಡುತ್ತದೆ.

ಹಳೆಯ ಲಾರಿಗೂ ಹೊಸ ಲಾರಿಗೂ ಇರುವ ಉಳಿದ ವ್ಯತ್ಯಾಸಗಳನ್ನು ಚಿಕ್ಕದಾಗಿ ನೋಡೋಣ. ಪ್ರಪಂಚದ ಮೊದಲ ಮೋಟಾರು ಲಾರಿಯನ್ನು ಜರ್ಮನಿಯ ಗಾಟ್‌ಲೀಬ್ ಡೈಮ್ಲರ್ 1896ರಲ್ಲಿ ತಯಾರಿಸಿದ. ಅದರ ಎಂಜಿನ್ನು 4 ಅಶ್ವಶಕ್ತಿಯದು. ಹೊರುತ್ತಿದ್ದುದು ಒಂದೂವರೆ ಟನ್. ನಮ್ಮಲ್ಲಿ ಟಾಟಾ ಸಂಸ್ಥೆ 1954ರಲ್ಲಿ ಡೈಮ್ಲರ್-ಬೆಂಜ್ ಜೊತೆ ಸೇರಿ ಜಮ್‌ಶೇಡ್‌ಪುರದಲ್ಲಿ ಲಾರಿ ತಯಾರಿಸತೊಡಗಿತು. 1948ರಲ್ಲಿ ಮದರಾಸಿನ ಎಣ್ಣೂರಿನಲ್ಲಿ ಹುಟ್ಟಿದ ಅಶೋಕ್ ಮೋಟಾರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಲಾರಿಯ ಮೇಲಿನ ಸಂಖ್ಯೆಗಳಲ್ಲೂ ಒಂದು ಗುಟ್ಟಿದೆ. ಟಾಟಾ 1613 ಎಂದಿದ್ದರೆ ಒಟ್ಟು ತೂಕ ಸುಮಾರು 16 ಟನ್, ಎಂಜಿನ್ನು ಸುಮಾರು 130 ಅಶ್ವಶಕ್ತಿ. ಇಂದು 5530 ಎಂದು ಬರೆದ ಲಾರಿ ಕಂಡರೆ ಅರ್ಥ ನೀವೇ ಬಿಡಿಸಬಲ್ಲಿರಿ: 55 ಟನ್, 300 ಅಶ್ವಶಕ್ತಿ. ಅದು ಘಾಟಿ ಇಳಿಯುವಾಗ ಎಷ್ಟು ಜೂಲ್ ಶಾಖವನ್ನು ಕಳೆಯಬೇಕೆಂಬ ಲೆಕ್ಕವನ್ನೂ ಈಗ ನೀವು ಮಾಡಬಲ್ಲಿರಿ.

ಭಾರೀ ಲಾರಿ ನಿಂತಾಗ "ಫುಸ್" ಎಂಬ ಸದ್ದು ಕೇಳಿದ್ದೀರಲ್ಲ, ಅದು ಗಾಳಿ ಬ್ರೇಕು. ಗಾಳಿ ಖಾಲಿಯಾದರೆ ಬ್ರೇಕೇ ಇಲ್ಲ ಎಂದು ಹಲವರ ನಂಬಿಕೆ. ಹೊಸ ಲಾರಿಗಳಲ್ಲಿ ಸಂಗತಿ ತಿರುಗುಮುರುಗು. ಪಾರ್ಕಿಂಗ್ ಬ್ರೇಕನ್ನು ಒಂದು ಬಲವಾದ ಸ್ಪ್ರಿಂಗು ಹಾಕಿ ಹಿಡಿದಿರುತ್ತದೆ. ಗಾಳಿಯ ಒತ್ತಡ ಆ ಸ್ಪ್ರಿಂಗನ್ನು ಹಿಂದಕ್ಕೆ ಒತ್ತಿ ಬಿಡಿಸುತ್ತದೆ. ಗಾಳಿ ಸೋರಿಹೋದರೆ ಸ್ಪ್ರಿಂಗು ಬಿಚ್ಚಿಕೊಂಡು ಚಕ್ರವನ್ನು ಹಿಡಿಯುತ್ತದೆ. ಕೆಟ್ಟರೂ ಸುರಕ್ಷತೆಯ ಕಡೆಗೇ ಕೆಡಬೇಕು ಎಂಬುದು ಒಳ್ಳೆಯ ಎಂಜಿನಿಯರಿಂಗಿನ ಲಕ್ಷಣ. ಆದರೂ ಮರೆಯಬೇಡಿ, ಸ್ಪ್ರಿಂಗು ಒತ್ತುವುದೂ ಅದೇ ಡ್ರಮ್ಮನ್ನೇ. ಡ್ರಮ್ಮು ಕಾದು ಕೆಂಡವಾಗಿದ್ದರೆ ಅದೂ ಹೆಚ್ಚೇನೂ ಮಾಡಲಾರದು. ಭಾರೀ ಬ್ರೇಕಿನಲ್ಲಿ ಚಕ್ರ ಜಾರದಂತೆ ಕಾಯುವ ಎ.ಬಿ.ಎಸ್. ವ್ಯವಸ್ಥೆ ನಮ್ಮಲ್ಲಿ 2015ರಲ್ಲಿ ಭಾರೀ ಲಾರಿಗಳಿಗೆ ಕಡ್ಡಾಯವಾಯಿತು. 2020ರ ಏಪ್ರಿಲ್ 1ರಿಂದ ಬಂದ ಬಿ.ಎಸ್. 6 ನಿಯಮದಿಂದಾಗಿ ಹೊಸ ಲಾರಿಗಳಲ್ಲಿ ಯೂರಿಯಾ ದ್ರಾವಣದ ಟ್ಯಾಂಕು ಕಾಣಿಸಿಕೊಂಡಿದೆ. ಹೊಲಕ್ಕೆ ಹಾಕುವ ಯೂರಿಯಾದ ಶುದ್ಧ ರೂಪವೇ ಅದು, ಶೇಕಡಾ 32.5ರ ದ್ರಾವಣ. ಬಿಸಿ ಹೊಗೆಯಲ್ಲಿ ಅದು ಅಮೋನಿಯಾ ಆಗಿ, ನೈಟ್ರೊಜನ್ ಆಕ್ಸೈಡುಗಳನ್ನು ಬರೀ ನೈಟ್ರೊಜನ್ ಮತ್ತು ನೀರಾಗಿ ಮಾರ್ಪಡಿಸುತ್ತದೆ. 2025ರಿಂದ ಹೊಸ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣವೂ ಕಡ್ಡಾಯವಾಗಿದೆ. ಕಾಲು ಸುಡುವ ಕ್ಯಾಬಿನ್ನಿನಲ್ಲಿ ಕೂತವರಿಗೇ ಗೊತ್ತು, ಅದು ಸೊಗಸಲ್ಲ, ಸುರಕ್ಷತೆ.

ಈ ಕಾರ್ಯಕ್ರಮದ ಚಿತ್ರೀಕರಣಕ್ಕೆ ಹಾಸನದಲ್ಲಿ ಹೊಸ ಲಾರಿಯೊಂದನ್ನು ಗೊತ್ತುಮಾಡಿದ್ದೆವು. ಮಾವನನ್ನೂ ಕರೆದುಕೊಂಡು ಹೋದೆ. ಅವರಿಗೀಗ ಎಪ್ಪತ್ತು ದಾಟಿದೆ. ಒಂದು ಕಿವಿ ಕೇಳುವುದಿಲ್ಲ, ಅದು ಮೂವತ್ತು ವರ್ಷ ಎಂಜಿನ್ನಿನ ಪಕ್ಕ ಕೂತ ಕಿವಿ. ಲಾರಿಯ ಡ್ರೈವರು ಇಪ್ಪತ್ತೇಳರ ಯುವಕ. ಗೌರವದಿಂದ ಕೈಹಿಡಿದು ಅವರನ್ನು ಸೀಟಿನಲ್ಲಿ ಕೂರಿಸಿದ. ಮಾವ ಗೇರಿನ ಗುಂಡಿಯ ಮೇಲೆ ಕೈಯಿಟ್ಟರು. ನಿಂತ ಲಾರಿ ಅದು. ಆದರೂ ಅವರ ಎಡಗಾಲು ತನ್ನಷ್ಟಕ್ಕೆ ತಾನೇ ಕ್ಲಚ್ಚನ್ನು ಎರಡು ಸಲ ತುಳಿಯಿತು. "ಒಂದು ಸಲ ಸಾಕು ಅಜ್ಜ" ಎಂದು ಯುವಕ ನಕ್ಕ. ಮಾವನೂ ನಕ್ಕರು. ಆಮೇಲೆ ಕೇಳಿದರು: "ಇಷ್ಟೆಲ್ಲ ಸ್ವಿಚ್ಚು, ಕಂಪ್ಯೂಟರು ಇದೆಯಲ್ಲಪ್ಪ, ಘಾಟಿ ಹೆಂಗೆ ಇಳಿಸ್ತೀಯ?" ಯುವಕ ಎಕ್ಸಾಸ್ಟ್ ಬ್ರೇಕಿನ ಸ್ವಿಚ್ಚು ತೋರಿಸಿ ಹೇಳಿದ: "ಇದು ಹಾಕ್ತೀನಿ ಅಜ್ಜ. ಆದ್ರೂ ಹತ್ತಿದ ಗೇರಲ್ಲೇ ಇಳಿಸೋದು." ಮಾವ ಅವನ ಬೆನ್ನು ತಟ್ಟಿದರು. ಹೆಚ್ಚು ಮಾತಾಡಲಿಲ್ಲ.

ಮಿತ್ರರೇ, ಘಾಟಿ ರಸ್ತೆಯಲ್ಲಿ ನಿಮ್ಮ ಬಸ್ಸಿನ ಮುಂದೆ, ನಿಮ್ಮ ಬೈಕಿನ ಮುಂದೆ, ಲಾರಿಯೊಂದು ಒದರುತ್ತಾ ತೆವಳುತ್ತಿದ್ದರೆ ಬೇಸರಪಡಬೇಡಿ, ಹಾರನ್ನು ಬಾರಿಸಿ ಆತುರಪಡಿಸಬೇಡಿ. ಅದರ ಹಿಂದೆ ಅಂಟಿಕೊಂಡು ಹೋಗಬೇಡಿ, ಡ್ರೈವರಿನ ಕನ್ನಡಿ ನಿಮಗೆ ಕಾಣದಿದ್ದರೆ ಅವನಿಗೆ ನೀವೂ ಕಾಣುವುದಿಲ್ಲ. ಆ ಒದರಾಟ ಎಂಜಿನ್ನಿನ ಸಂಕಟವಲ್ಲ. 12 ಕೋಟಿ ಜೂಲ್ ಶಕ್ತಿಯನ್ನು ಒಬ್ಬ ಮನುಷ್ಯ ಎಚ್ಚರದಿಂದ, ಸ್ವಲ್ಪ ಸ್ವಲ್ಪವಾಗಿ, ಕೆಳಗಿಳಿಸುತ್ತಿರುವ ಸದ್ದು ಅದು. ನಿಮ್ಮ ಮನೆಯ ಹತ್ತಿರ ಲಾರಿ ಡ್ರೈವರೊಬ್ಬರು ಇದ್ದರೆ ಈ ಸಂಜೆ ಅವರನ್ನು ಮಾತಾಡಿಸಿ. ಘಾಟಿಯನ್ನು ಹೇಗೆ ಇಳಿಸುತ್ತೀರಿ ಎಂದು ಕೇಳಿ. ನ್ಯೂಟ್ರಲ್ ಎಂದರೆ ಗವರ್ನರಿನ ಕಥೆಯನ್ನು ಅವರಿಗೆ ಹೇಳಿ. ಗೇರು ಎಂದರೆ ಅವರ ಕಥೆಯನ್ನು ನೀವು ಕೇಳಿಸಿಕೊಳ್ಳಿ.